ಮೋಡಕಾ ಗಾಡಿಯ ಹೂದಾನಿಗಳು

ನನ್ನ ಬಾಯಿ ಜೋರು. ಬೆಟಗೇರಿಯ ನಮ್ಮ ಓಣಿಯಲ್ಲಿ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ, ಹೇಳಿ ನಗುತ್ತಾರೆ ಕೂಡ. ನಳದ ಸರದಿಯಲ್ಲಿ ಯಾರಾದರೂ ಕೊಡ ಮುಂದೆ ನೂಕಿದರೆ ಜಗಳಕ್ಕೆ ನನ್ನನ್ನು ಕರೆಯುತ್ತಿದ್ದರು. ಅಂಥವಳಿಗೆ ಬಾಯಿಗೆ ಬಟ್ಟೆ ಕಟ್ಟಿಕೊಂಡು ಮೇಲಿನ ಖೋಲಿಯಲ್ಲಿ ಒಬ್ಬಳೇ ಕೂರುವ ಕಾಲ ಬಂತು. ಇದನ್ನು ಓದುವವರಲ್ಲಿ ಯಾರಾದರೂ ಈಗ ಹಾಗೆ ಕೂತಿದ್ದರೆ, ನಿಮ್ಮ ತಾಟು ಬೇರೆ, ಲೋಟ ಬೇರೆ ಆಗಿದ್ದರೆ, ನಿಮಗಾಗಿಯೇ ಬರೆಯುತ್ತಿದ್ದೇನೆ. ಧೈರ್ಯ ಹೇಳುವ ಜಾಣತನ ನನಗಿಲ್ಲ. ಆದದ್ದನ್ನು ಆದಂತೆ ಹೇಳಬಲ್ಲೆ, ಅಷ್ಟೇ.

ಕಸ್ತೂರಿ ಮತ್ತು ನಾನು ಶಿಗ್ಲಿಯ ಹೆಣ್ಣುಮಕ್ಕಳು. ಒಂದೇ ಓಣಿಗೆ ಸೊಸೆಯರಾಗಿ ಬಂದೆವು. ನಮ್ಮ ಮನೆಯ ಎದುರಿಗೇ ಅವಳ ಮನೆ. ಅವಳ ಮನೆಗೆ ಹತ್ತಿದ ತಗಡಿನ ಶೆಡ್ಡಿನಲ್ಲಿ ಇಬ್ಬರೂ ಎದುರುಬದುರು ಕೂತು ಕಡಕ್ ರೊಟ್ಟಿ ಬಡಿದು ಖಾನಾವಳಿಗಳಿಗೆ, ಮದುವೆ ಮನೆಗಳಿಗೆ ಕೊಡುತ್ತಿದ್ದೆವು. ನನಗೆ ಮಕ್ಕಳಿಲ್ಲ. ಗಂಡ ಶೇಖಪ್ಪ ಸುಟ್ಟ ಮೋಟಾರಿಗೆ ತಂತಿ ಕಟ್ಟುವ ಅಂಗಡಿ ಇಟ್ಟಿದ್ದಾರೆ, ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ಹೀಗಾಗಿ ನನ್ನ ಮಾತು, ನಗು, ಜಗಳ ಎಲ್ಲ ಆ ಶೆಡ್ಡಿನಲ್ಲೇ ಖರ್ಚಾಗುತ್ತಿತ್ತು.

ಸಂಕ್ರಾಂತಿಯ ಸಜ್ಜಿ ರೊಟ್ಟಿಯ ಗಡಿಬಿಡಿಯಲ್ಲಿ ಕೆಮ್ಮು ಹಿಡಿಯಿತು. ಹಿಟ್ಟಿನ ಧೂಳು ಎಂದೆ, ಒಲೆಯ ಹೊಗೆ ಎಂದೆ. ಶುಂಠಿ, ಮೆಣಸು, ಜೇನುತುಪ್ಪ ಎಲ್ಲ ಆಯಿತು. ರವಿಕೆ ಸಡಿಲಾದಾಗ ತೆಳ್ಳಗಾದೆ ಎಂದು ಒಳಗೊಳಗೇ ಖುಷಿಪಟ್ಟೆ, ನೋಡಿ ನನ್ನ ಬುದ್ಧಿ! ಕೊನೆಗೆ ಕಸ್ತೂರಿಯೇ ಒಂದು ದಿನ ಹಿಟ್ಟಿನ ಕೈಯಲ್ಲಿ ನನ್ನ ಹಣೆ ಮುಟ್ಟಿ ಒಲೆ ಆರಿಸಿದಳು.

"ಲೇ ಸುಮಿ, ಸಂಜಿ ಆತಂದ್ರ ಮೈ ಕೆಂಡ ಆಗತೈತಿ ನಿಂದು. ಇದು ಧೂಳೂ ಅಲ್ಲ, ಗೀಳೂ ಅಲ್ಲ. ದವಾಖಾನಿಗೆ ನಡಿ."

ಗದಗಿನ ಸರಕಾರಿ ದವಾಖಾನೆಯಲ್ಲಿ ಕಫದ ಡಬ್ಬಿ ಕೊಟ್ಟು ಬಂದೆವು. ಫಲಿತಾಂಶಕ್ಕೆ ಮತ್ತೆ ಹೋದಾಗ ಕೂರಲು ಹೇಳಿದ ಬೆಂಚು ಬೇರೆ ಕಡೆಗಿತ್ತು, ಎಲ್ಲರಿಗಿಂತ ದೂರ, ಕಿಟಕಿಯ ಪಕ್ಕ. ಅಲ್ಲಿ ಮುಂಡರಗಿ ಕಡೆಯ ಒಬ್ಬ ಹೆಣ್ಣುಮಗಳು ಮೊದಲೇ ಕೂತಿದ್ದಳು, ಬಾಯಿಗೆ ಸೆರಗು. ಅವಳು ನನ್ನನ್ನು ನೋಡಿ ಸರಿದು ಜಾಗ ಕೊಟ್ಟಳು. ಆ ಸರಿಯುವಿಕೆಯಲ್ಲೇ ನನಗೆ ಗೊತ್ತಾಗಿಹೋಯಿತು.

ಡಾಕ್ಟರು ಚಿಕ್ಕ ವಯಸ್ಸಿನವರು. "ಟಿಬಿ ಐತ್ರಿ. ಅಂಜಬ್ಯಾಡ್ರಿ, ಗುಣ ಆಗತೈತಿ. ಆರು ತಿಂಗಳ ಗುಳಿಗಿ ನುಂಗಬೇಕು, ಒಂದಿನಾನೂ ಬಿಡಂಗಿಲ್ಲ" ಎಂದರು. ನಾನು ಒಂದೇ ಪ್ರಶ್ನೆ ಕೇಳಿದೆ: "ರೊಟ್ಟಿ ಮಾಡಬಹುದೇನ್ರಿ?" ಅವರು ನನ್ನ ಮುಖ ನೋಡಿ, "ಸದ್ಯಕ್ಕ ಬ್ಯಾಡ್ರಿ, ಮೊದಲ ಆರಾಮ ಆಗ್ರಿ" ಎಂದರು. ರೋಗದ ಹೆಸರು ಕೇಳಿದಾಗ ಬಾರದ ಅಳು ಆಗ ಬಂತು.

ಆಟೋದಲ್ಲಿ ಕಸ್ತೂರಿ ನನ್ನ ಕೈ ಹಿಡಿದೇ ಕೂತಿದ್ದಳು. ಅವಳಿಗೂ ಅವಳ ಮನೆಯವರಿಗೂ ತಪಾಸಣೆ ಆಯಿತು, ನಮ್ಮ ಮನೆಯವರಿಗೂ ಆಯಿತು. ದೇವರು ದೊಡ್ಡವನು, ಯಾರಿಗೂ ಏನೂ ಇರಲಿಲ್ಲ. ಆದರೆ ಗಿರಾಕಿಗಳಿಗೆ ಖಬರು ಹತ್ತಿದರೆ ಅವಳ ಒಲೆಯೂ ಆರುತ್ತದೆ. ಅದಕ್ಕೆ ಓಣಿಗೆ ನಿಮೋನಿಯಾ ಎಂದು ಹೇಳುವುದಾಯಿತು. ಓಣಿ ಎಂದರೆ ಓಣಿಯೇ. ವಾರದೊಳಗೆ ಎಲ್ಲರಿಗೂ ಗೊತ್ತಾಗಿತ್ತು, ಯಾರೂ ಗೊತ್ತಿದೆ ಎನ್ನಲಿಲ್ಲ.

ನಮ್ಮ ಅತ್ತೆ ಮಾಳಿಗೆಯ ಮೇಲಿನ ಖೋಲಿ ಸಾರಿಸಿ, ಕಿಟಕಿ ತೆರೆದು, ಹಾಸಿಗೆ ಹಾಕಿದರು. ನನ್ನ ತಾಟಿನ ಅಂಚಿಗೆ ಮೊಳೆಯಿಂದ ಗೆರೆ ಎಳೆದರು, ಬೇರೆಯವುಗಳಲ್ಲಿ ಕೂಡಬಾರದೆಂದು. "ತಂಗಿ, ನಿನ್ನ ಬ್ಯಾರೆ ಮಾಡಾಕತ್ತೀನಿ ಅಂತ ತಿಳಕೋಬ್ಯಾಡವ್ವ" ಎಂದರು. ಆದರೂ ಬೇರೆ ಮಾಡಿದ್ದು ಬೇರೆಯೇ ಅಲ್ಲವೇ? ಮೂರು ಹೊತ್ತೂ ಮೆಟ್ಟಿಲ ಮೇಲೆ ತಾಟಿಟ್ಟು "ಇಟ್ಟೀನವ್ವಾ" ಎಂದು ಕೂಗಿ ಇಳಿಯುತ್ತಿದ್ದರು. ನಾನು ಹೋಗಿ ತರುವಷ್ಟರಲ್ಲಿ ಪಲ್ಲೆ ಆರಿರುತ್ತಿತ್ತು.

ಗುಳಿಗೆಗಳು ನಾಲಿಗೆಯ ರುಚಿ ತಿಂದವು. ಬಿಳಿ ಅನ್ನ ನೋಡಿದರೆ ಓಕರಿಕೆ. ಮೊದಲ ದಿನ ಮೂತ್ರ ಕುಂಕುಮದ ನೀರಿನಂತೆ ಬಂದಾಗ ರಕ್ತವೇ ಹೋಗುತ್ತಿದೆ ಎಂದು ಗೋಡೆ ಹಿಡಿದು ಕೂತುಬಿಟ್ಟೆ. ಗುಳಿಗೆ ಕೊಡಲು ಬಂದ ಆಶಾ ಕಾರ್ಯಕರ್ತೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. "ಅಯ್ಯ ಅಕ್ಕಾರ, ಅದು ಗುಳಿಗಿ ಬಣ್ಣಾರಿ! ಮೊದಲ ಹೇಳೂದ ಮರತೆ, ನಂದ ತಪ್ಪು." ಆ ಹುಡುಗಿ ನನ್ನ ಹಾಸಿಗೆಯ ಅಂಚಿಗೇ ಕೂರುತ್ತಿದ್ದಳು, ಬಾಗಿಲಲ್ಲಿ ನಿಲ್ಲುತ್ತಿರಲಿಲ್ಲ. ಅವಳು ಎದ್ದು ಹೋದ ಮೇಲೆ ಹಾಸಿಗೆಯಲ್ಲಿ ಉಳಿದ ತಗ್ಗನ್ನು ನಾನು ಸ್ವಲ್ಪ ಹೊತ್ತು ಸರಿಮಾಡುತ್ತಿರಲಿಲ್ಲ.

ನನ್ನ ಗಂಡನ ಸಂಗತಿಯನ್ನೂ ಹೇಳಬೇಕು. ರಾತ್ರಿ ಊಟಕ್ಕೆ ಅವರು ತಮ್ಮ ತಾಟು ಹಿಡಿದು ಬಂದು ಮೆಟ್ಟಿಲ ಮೇಲೆ ಕೂರುತ್ತಿದ್ದರು. ನಾನು ಖೋಲಿಯ ಒಳಗೆ, ಅವರು ಮೆಟ್ಟಿಲಲ್ಲಿ, ನಡುವೆ ಗಾಳಿ. ಉಂಡು, "ಆತೇನು?" ಎಂದು ಕೇಳಿ ಇಳಿದು ಹೋಗುತ್ತಿದ್ದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಈ ಮನುಷ್ಯ ನನಗೆ ಒಂದು ಮೊಳ ಹೂವನ್ನು ಕೇಳದೆ ತಂದವರಲ್ಲ. ಆ ಮೆಟ್ಟಿಲ ಊಟಕ್ಕೆ ಅದೆಲ್ಲ ಮಾಫಿ ಮಾಡಿದೆ.

ಕಸ್ತೂರಿ ಮುಂಜಾನೆ ನನ್ನ ಕಿಟಕಿಯ ಕೆಳಗೆ ನಿಂತು ಕತ್ತೆತ್ತಿ ಕೂಗುತ್ತಿದ್ದಳು. ಯಾರ ಮಗಳಿಗೆ ವರ ನೋಡಲು ಬಂದಿದ್ದರು, ಯಾವ ಖಾನಾವಳಿಯವನು ರೊಟ್ಟಿ ದಪ್ಪವೆಂದು ಗೊಣಗಿದ, ಎಲ್ಲ ಸುದ್ದಿ. ನಾನು ಮೇಲಿನಿಂದ ಬೈದು ಉತ್ತರ ಕೊಡುತ್ತಿದ್ದೆ. ಆಮೇಲೆ ಇಡೀ ದಿನ ಅದೇ ನನಗೆ ಊಟ. ಅವಳ ಶೆಡ್ಡಿನಿಂದ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತು. ಒಂದೇ ಜೋಡಿ ಕೈ. ಅದನ್ನು ಕೇಳುತ್ತ ನಾನು ಹಾಸಿಗೆಯ ಮೇಲೆ ಅಂಗೈ ಬಡಿಯುತ್ತಿದ್ದೆ, ಹುಚ್ಚಿಯಂತೆ.

ಬಿಸಿಲು ಏರತೊಡಗಿದಾಗ ಒಂದು ದಿನ ಕಿಟಕಿಯ ಕೆಳಗೆ ಮೋಡಕಾ ಗಾಡಿ ನಿಂತಿತು. ಮುರುಕು ಸಾಮಾನು, ರದ್ದಿ ಕಾಗದ ಕೊಂಡು ತಳ್ಳುಗಾಡಿಯಲ್ಲಿ ಒಯ್ಯುವ ಆ ಮುದುಕನನ್ನು ನಾವೆಲ್ಲ ಕಾಕಾ ಎನ್ನುತ್ತೇವೆ. ಸೀಸೆ, ತಗಡುಗಳ ನಡುವೆ ಗಾಜಿನ ಹೂದಾನಿಗಳು ಬಿಸಿಲಿಗೆ ಥಳಥಳ ಎನ್ನುತ್ತಿದ್ದವು. ಸೊಂಟ ಸಣ್ಣದಾದದ್ದು, ಬಾಯಿ ಸುರುಳಿಯಾದದ್ದು, ಒಂದಕ್ಕಿನ್ನೂ ಉಡುಗೊರೆಯ ಚೀಟಿ ಅಂಟಿಕೊಂಡಿತ್ತು.

"ಕಾಕಾ, ಹೂದಾನಿ ಯಾಕ ಒಡ್ಯಾಕ ಹಾಕ್ತೀರಿ? ಚೊಲೋ ಅದಾವಲ್ಲ!"

"ಇವನ್ನ ಯಾರ ತಗೋತಾರ ಬೇಟಿ? ಮದುವ್ಯಾಗ ಆಯೇರಿ ಬರ್ತಾವ, ಕಪಾಟಿನ್ಯಾಗ ಕುಂದರ್ತಾವ, ಆಮ್ಯಾಲ ನನ್ನ ಗಾಡಿ ಏರ್ತಾವ. ಹೂವು ಮಾತ್ರ ಒಬ್ರೂ ಇಡಂಗಿಲ್ಲ ನೋಡು."

ನನಗೆ ನಗು ಬಂತು, ನಗುವಿನ ಬೆನ್ನಿಗೆ ಕೆಮ್ಮು. ಮುಖ ಒಳಗೆ ತೆಗೆದುಕೊಂಡೆ. ಕಾಕಾ ಕೆಳಗೇ ನಿಂತಿದ್ದ. ಕೆಮ್ಮು ನಿಂತ ಮೇಲೆ ಮೆಲ್ಲಗೆ, "ಗುಳಿಗಿ ತಗೋಳಾಕತ್ತಿಲ್ಲ? ತಗೋ. ನಂಗೂ ಆಗಿತ್ತದು. ಈಗ ನೋಡು, ಗಾಡಿ ದೂಡಾಕತ್ತೀನಿ" ಎಂದ. ಆ ರೋಗ ತನಗೂ ಆಗಿತ್ತು ಎಂದು ಬೀದಿಯಲ್ಲಿ ನಿಂತು ಹೇಳಿದ ಮನುಷ್ಯ ಅವನೊಬ್ಬನೇ. ನಾನು ಹಗ್ಗಕ್ಕೆ ಕೈಚೀಲ ಕಟ್ಟಿ ರದ್ದಿ ಪೇಪರು ಇಳಿಬಿಟ್ಟೆ, ಅವನು ಅದರಲ್ಲಿ ಹೂದಾನಿಗಳನ್ನು ಇಟ್ಟು ಕಳಿಸಿದ.

ಬಣ್ಣ ಹಚ್ಚುವುದನ್ನು ಫೋನಿನಲ್ಲಿ ನೋಡಿದ್ದೆ. ನೋಡಿದಷ್ಟು ಸುಲಭವಲ್ಲ ಮಹಾರಾಯ್ತಿ! ಗಂಡ ಅಂಗಡಿಯಿಂದ ತಂದ ಎಣ್ಣೆ ಬಣ್ಣದ ವಾಸನೆಗೆ ಎದೆ ಕಟ್ಟಿತು, ಮರುದಿನ ಅವರು ನೀರಿನಲ್ಲಿ ಕಲಸುವ ಬಣ್ಣದ ಡಬ್ಬಿಗಳನ್ನು ತಂದರು. ಅದು ಗಾಜಿಗೆ ಹತ್ತಲೇ ಇಲ್ಲ, ಹಾಲಿನ ಕೆನೆಯಂತೆ ಜಾರಿ ಬುಡಕ್ಕೆ ಬಂತು. ಜಿಡ್ಡು ಹೋಗಿರಲಿಲ್ಲ. ನಿಂಬೆಹಣ್ಣು ತಿಕ್ಕಿ, ಬಿಸಿನೀರಲ್ಲಿ ತೊಳೆದು, ಒಣಗಿಸಿ, ಮತ್ತೆ ಕೈ ಒಳಗೆ ಬಿಟ್ಟು ಹಿಡಿದು ಹಚ್ಚುವುದು ಕಲಿತೆ. ಹೊರಗೆ ಬೆರಳು ತಾಗಿದರೆ ಮುಗಿಯಿತು, ಅಲ್ಲಿ ಬಣ್ಣ ನಿಲ್ಲದು. ಬಣ್ಣಕ್ಕೆ ಅಡುಗೆ ಸೋಡಾಪುಡಿ ಕಲಸಿ, ಸ್ಪಂಜಿನ ತುಂಡಿನಿಂದ ಒತ್ತಿ ಒತ್ತಿ ಹಚ್ಚಿ ಒಣಗಲು ಬಿಟ್ಟರೆ ಗಾಜು ಒರಟಾಗಿ, ಕುಂಬಾರನ ಗಡಿಗೆಯಂತೆ ಕಾಣುತ್ತದೆ. ಮೊದಲ ಸಲ ಹಾಗಾದಾಗ ತೋರಿಸಲು ಖೋಲಿಯಲ್ಲಿ ಯಾರೂ ಇರಲಿಲ್ಲ. ತಾಟು ಇಡಲು ಅತ್ತೆ ಬರುವವರೆಗೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಕಾಯ್ದೆ.

ಮೇಲೆ ಕಸೂತಿಯ ಚಿತ್ರ ಬರೆದೆ. ಸೀರೆಯ ಸೆರಗಿಗಾದರೆ ಎಳೆ ಎಣಿಸಿ ಹೊಲಿಯಬಹುದು, ಗಾಜಿನಲ್ಲಿ ಎಳೆ ಎಲ್ಲಿದೆ? ಅದರ ಮೇಲೆ ಗುಳಿಗೆಯ ದೆಸೆಯಿಂದ ಬೆರಳ ತುದಿಗಳಿಗೆ ಇರುವೆ ಹತ್ತಿದಂತೆ ಜುಮುಜುಮು. ಗೋಪುರ ಬರೆದರೆ ವಾಲುತ್ತಿತ್ತು, ನವಿಲು ಕೋಳಿಯಾಗುತ್ತಿತ್ತು. ಡಾಕ್ಟರಿಗೆ ಹೇಳಿದ ಮೇಲೆ ಬೇರೊಂದು ಗುಳಿಗೆ ಸೇರಿಸಿದರು, ಬೆರಳು ಸ್ವಲ್ಪ ಸುಧಾರಿಸಿದವು. ಮುಗಿದವನ್ನು ಕಿಟಕಿಯ ಕಟ್ಟೆಯ ಮೇಲೆ ಓಣಿಗೆ ಕಾಣುವಂತೆ ಇಟ್ಟೆ. ಖರೆ ಹೇಳಬೇಕೆಂದರೆ ಚೆಂದಕ್ಕಲ್ಲ. ಯಾರಾದರೂ ಕತ್ತೆತ್ತಿ ನೋಡಲಿ ಎಂದು.

ನೋಡಿದರು. ಒಬ್ಬಾಕೆ "ನಮಗೊಂದ ಕೊಡ್ರಿ ಸುಮಕ್ಕಾ" ಎಂದಳು. ಹಗ್ಗದಲ್ಲಿ ಇಳಿಸಿದೆ. ಆಮೇಲೆ ಇನ್ನೊಬ್ಬಾಕೆ. ಅತ್ತೆ ಇದನ್ನು ನೋಡಿ, "ಗಾಜಿಗೆ ಮೈಲಿಗಿ ಇಲ್ಲ, ಅದಕ್ಕ ಒಯ್ಯಾಕತ್ತಾರ" ಎಂದರು. ಅದು ನಿಜ. ಅಷ್ಟರಲ್ಲಿ ಕಫದ ಪರೀಕ್ಷೆ ಮತ್ತೊಮ್ಮೆ ಆಗಿ, ಇನ್ನು ನನ್ನಿಂದ ಯಾರಿಗೂ ಅಂಟುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ಆದರೂ ನಾನು ಹಚ್ಚಿದ ಬಣ್ಣ ಬೇಕು, ನಾನು ಕೊಟ್ಟ ನೀರು ಬೇಡ. ಕೆಳಗೆ ಬಂದ ಯಾರೂ ಮೆಟ್ಟಿಲು ಹತ್ತಲಿಲ್ಲ. ಇನ್ನು ಜನ್ಮದಲ್ಲಿ ಯಾರಾದರೂ ನನ್ನ ಕೈಯ ರೊಟ್ಟಿ ತಿನ್ನುತ್ತಾರೋ ಇಲ್ಲವೋ ಎಂಬ ಒಂದೇ ಹೆದರಿಕೆ ನನ್ನನ್ನು ತಿನ್ನುತ್ತಿತ್ತು. ರೊಟ್ಟಿ ಬಿಟ್ಟರೆ ನಾನು ಯಾರು?

ಎಲ್ಲಕ್ಕಿಂತ ಚೆಂದದ ಹೂದಾನಿಯನ್ನು ಕಸ್ತೂರಿಗೆಂದು ತೆಗೆದಿಟ್ಟೆ. ಕೆಮ್ಮಣ್ಣಿನ ಬಣ್ಣ, ಸುತ್ತ ಬಿಳಿ ಜೋಳದ ತೆನೆ. ನಮ್ಮ ಕಡೆ ಪಾತ್ರೆಯನ್ನು ಬರಿದು ಕೊಡುವ ಪದ್ಧತಿ ಇಲ್ಲ, ಒಂದು ಹಿಡಿ ಜೋಳವನ್ನೋ ಚಿಟಿಕೆ ಸಕ್ಕರೆಯನ್ನೋ ಹಾಕಿ ಕೊಡುತ್ತೇವೆ. ನಾನೂ ಅತ್ತೆಯ ಹತ್ತಿರ ಜೋಳ ಕೇಳಿ ತರಿಸಿ ಹಾಕಿದೆ. ಆಮೇಲೆ ಯೋಚನೆ ಬಂತು: ಈ ಕಾಳನ್ನು ಅವಳು ಏನು ಮಾಡುತ್ತಾಳೆ? ಗಿರಾಕಿಗಳ ಹಿಟ್ಟಿಗೆ ಬೆರೆಸುವಂತಿಲ್ಲ. ನನ್ನ ಕಣ್ಣೆದುರು ಗಟಾರಕ್ಕೆ ಚೆಲ್ಲುವುದು ಅವಳಿಂದ ಆಗದು. ಯಾಕೆ ಅವಳಿಗೆ ಪೇಚಾಟ ಎಂದು ಬೋರಲು ಹಾಕಿ ಕಾಳು ತೆಗೆದೆ. ಒಳಗೆ ಬಟ್ಟೆಯಿಂದ ಒರೆಸಿದೆ ಕೂಡ.

ಮರುದಿನ ಅವಳು ಬಂದಾಗ ಚೀಲ ಇಳಿಬಿಟ್ಟೆ. ಕಸ್ತೂರಿ ಹೂದಾನಿ ತಿರುಗಿಸಿ ನೋಡಿದಳು, ಮುಖ ಅರಳಿತು. ಆಮೇಲೆ ಒಳಗೆ ಕೈ ಹಾಕಿ ತಡಕಾಡಿದಳು. ಬೋರಲು ಮಾಡಿ ಅಂಗೈಗೆ ಬಡಿದಳು. ಕತ್ತೆತ್ತಿ ನನ್ನನ್ನೇ ನೋಡಿದಳು. ಅದನ್ನು ಬಗಲಲ್ಲಿಟ್ಟುಕೊಂಡು ಹೋದಳು.

ಮಾರನೇ ದಿನ ಬರಲಿಲ್ಲ. ಅದರ ಮಾರನೇ ದಿನವೂ ಇಲ್ಲ. ಒಳಗೆ ನನ್ನ ಉಗುಳು ಗಿಗುಳು ಇದೆಯೋ ಎಂದು ತಡಕಿ ನೋಡಿದಳಲ್ಲ ಎಂದು ನನಗೆ ಮೈ ಉರಿಯಿತು. ದವಾಖಾನೆಯಲ್ಲಿ ನನ್ನ ಕಫದ ಡಬ್ಬಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದ ಕಸ್ತೂರಿಯೇ ಹೀಗೆ! ವಾರ ಕಳೆಯುವಷ್ಟರಲ್ಲಿ ಶೆಡ್ಡಿನಿಂದ ಎರಡು ಜೋಡಿ ಕೈಗಳ ಸಪ್ಪಳ ಬರತೊಡಗಿತು. ನನ್ನ ಜಾಗದಲ್ಲಿ ಯಾರನ್ನೋ ಕೂರಿಸಿದ್ದಳು. ಅಂದು ಕಿಟಕಿ ಹಾಕಿದೆ. ಆಶಾ ಹುಡುಗಿ ಬಂದು ಬೈದು ತೆರೆದಳು, ಅವಳು ಹೋದ ಮೇಲೆ ಮತ್ತೆ ಹಾಕಿದೆ. ಡಬ್ಬಿಗಳಲ್ಲಿ ಬಣ್ಣ ಒಣಗಿ ಬಿರುಕುಬಿಟ್ಟಿತು. ಕಾಕಾ ಕೆಳಗೆ ಕೂಗಿ ಕೂಗಿ ಮುಂದೆ ಹೋದ. ರೋಗ ಇಳಿಯುತ್ತಿದ್ದ ಆ ದಿನಗಳೇ ನನಗೆ ರೋಗಕ್ಕಿಂತ ಕೆಟ್ಟವಾಗಿದ್ದವು. ಮೈಯಲ್ಲಿ ಕಸುವು ಬರುತ್ತಿತ್ತು, ಅದನ್ನು ಖರ್ಚು ಮಾಡಲು ಯಾರೂ ಇರಲಿಲ್ಲ.

ಗುಳಿಗೆ ಮುಗಿದವು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಆತ್ರಿ, ಪೂರಾ ಗುಣ ಆತು" ಎಂದರು. ಆ ಸಲ ಗಂಡ ಜೊತೆಗಿದ್ದರು. ಬರುವಾಗ ಅವರು ಕೇಳದೆಯೇ ಒಂದು ಮೊಳ ಮಲ್ಲಿಗೆ ತಂದುಕೊಟ್ಟರು. ನಾನು ಕೆಳಗಿಳಿದು ಬಂದೆ, ಆದರೆ ಪಂಕ್ತಿಯಲ್ಲಿ ಕೂರಲು ನನಗೇ ಸಂಕೋಚ. ಯಾರೂ ಹೇಳದಿದ್ದರೂ ಗೋಡೆಗೆ ಸರಿದು ಕೂತು, ಗೆರೆ ಎಳೆದ ತಾಟಿನಲ್ಲೇ ಉಣ್ಣುತ್ತಿದ್ದೆ. ಮಾತಾಡುವಾಗ ಸೆರಗು ತಾನಾಗಿ ಬಾಯಿಗೆ ಹೋಗುತ್ತಿತ್ತು.

ಅಷ್ಟರಲ್ಲಿ ಶ್ರಾವಣ. ನಾಗರಪಂಚಮಿಗೆ ಮುಂಚೆ ನಮ್ಮಲ್ಲಿ ರೊಟ್ಟಿ ಹಬ್ಬ. ಅಂದು ಪ್ರತಿ ಮನೆಯವರೂ ರೊಟ್ಟಿ, ಪಲ್ಲೆ, ಹಿಂಡಿ ಅಂದರೆ ಚಟ್ನಿಪುಡಿ, ಎಲ್ಲ ತಾಟಿನಲ್ಲಿ ಹೊಂದಿಸಿ ಮನೆಮನೆಗೆ ಕೊಟ್ಟು ಬರುತ್ತಾರೆ, ಅವರು ಇವರಿಗೆ, ಇವರು ಅವರಿಗೆ. ನಾನು ನಸುಕಿಗೇ ಎದ್ದು ಹಿಟ್ಟು ನಾದಿದೆ. ಅತ್ತೆ ಬಾಗಿಲಲ್ಲಿ ನಿಂತರು.

"ಈ ವರ್ಸ ಕೊಡೂದ ಬ್ಯಾಡ ತಂಗಿ. ನಾವ ಮಾಡ್ಕೊಂಡ ತಿನ್ನೂಣು. ಯಾರರೆ ತಾಟ ಹೊಳ್ಳಿಸಿ ಕಳಿಸಿದ್ರ ನಿನ್ನ ಜೀವಾ ನೊಯ್ತೈತಿ."

"ಹೊಳ್ಳಿಸಿದ್ರ ಹೊಳ್ಳಿಸಲಿ ಅತ್ತಿ. ಕಿಟಕ್ಯಾಗ ಕುಂತ ಕಾಯೂದು ಸಾಕಾಗೇತಿ ನಂಗ."

ನಾನು ಗುಣವಾದ ಸುದ್ದಿ ಬೆರಳುಗಳಿಗೆ ಇನ್ನೂ ಪೂರ್ತಿ ಮುಟ್ಟಿರಲಿಲ್ಲ. ಮೊದಲ ರೊಟ್ಟಿ ಅಂಚಿಗೆ ಸೀಳಿತು, ಎರಡನೆಯದು ಹಂಚಿನ ಮೇಲೆ ಉಬ್ಬಲಿಲ್ಲ. ಹೇಗೋ ಮಾಡಿ, ಕಡಕ್ ಆಗುವಂತೆ ಒಣಗಿಸಿ, ಮಡಕಿಕಾಳು ಪಲ್ಲೆ, ಎಣ್ಣೆಗಾಯಿ, ಶೇಂಗಾ ಹಿಂಡಿ ಇಟ್ಟು ತಾಟು ಕಟ್ಟಿದೆ. ಮೊದಲೆರಡು ಮನೆಗಳಲ್ಲಿ ನಗುತ್ತ ತೆಗೆದುಕೊಂಡರು, ತಮ್ಮದನ್ನೂ ಕೊಟ್ಟರು. ನನ್ನ ತಾಟನ್ನು ಅಡುಗೆಮನೆಗೆ ಒಯ್ಯದೆ ಕಟ್ಟೆಯ ಮೇಲೆಯೇ ಬಿಟ್ಟದ್ದನ್ನು ನೋಡಿದೆ. ಮೂರನೆಯವರು ಒಳಗಿನಿಂದ "ನಮ್ಮಲ್ಲಿ ಎಲ್ಲಾರೂ ಉಪಾಸ ಅದಾರ್ರಿ" ಎಂದರು. ರೊಟ್ಟಿ ಹಬ್ಬದ ದಿನ ಯಾವ ಉಪವಾಸವೋ ಶಿವನೇ ಬಲ್ಲ. ತಿರುಗಿ ಮನೆಗೆ ಹೋಗಿ ಕದ ಹಾಕಿಕೊಳ್ಳಬೇಕೆನ್ನಿಸಿತು. ಆದರೆ ಹೋದರೆ ಇನ್ನು ಹೊರಬರಲಾರೆ ಎಂದು ನನಗೆ ಗೊತ್ತಿತ್ತು. ಕಸ್ತೂರಿಯ ಬಾಗಿಲಿಗೆ ನಡೆದೆ.

ಅವಳು ಹೊಸ್ತಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಒಂದು ಹೆಜ್ಜೆ ಮುಂದೆ ಬರಲಿಲ್ಲ.

"ಈ ಸಲಾ ಏನರೆ ಹಾಕ್ಕೊಂಡ ಬಂದೀಯೋ, ಇದೂ ಖಾಲಿನೋ?" ಎಂದಳು.

ನನಗೆ ತಿಳಿಯಲಿಲ್ಲ. "ಏನಂತಿಬೇ?"

"ಏನಂತಿ ಅಂತ ಕೇಳ್ತಿಯಲ್ಲ! ಓಣ್ಯಾಗ ನಿಂತ ಹೂದಾನಿ ಬೋರಲ ಹಾಕಿ ನೋಡಿದೆ. ಒಂದ ಕಾಳ ಇಲ್ಲ, ಒಂದ ಹರಳ ಸಕ್ರಿ ಇಲ್ಲ. ಬರೇ ಭಾಂಡೆ ಯಾರ ಯಾರಿಗೆ ಕೊಡ್ತಾರ? ನಿಂದ ನಂದ ಋಣ ತೀರಿತು ಅಂದಂಗ ಅಲ್ಲೇನ ಅದು? ನೀ ಮಲಗಿದಾಗ ನಿನ್ನ ಒಲಿ ನಾ ಹಚ್ಚಾಕತ್ತೀನಂತ ಸಿಟ್ಟು ಬಂದೈತಿ, ಮಾರಿ ನೋಡೂದ ಬ್ಯಾಡಂತ ಹಿಂಗ ಮಾಡಿದ್ಲು ಅಂತ ತಿಳಕೊಂಡೆ. ಬಾಯಿಲೆ ಬೈದಿದ್ರ ತಡಕೋತಿದ್ದೆ ಲೇ. ಮನೀಗೆ ಹೋಗಿ ಎಷ್ಟ ಅತ್ತೀನಿ ಗೊತ್ತೈತೇನ ನಿಂಗ?"

"ಹಾಕಿದ್ದೆ ಕಸ್ತೂರಿ. ಜ್ವಾಳ ಹಾಕಿದ್ದೆ, ಆಮ್ಯಾಲ ತಗದೆ. ನನ್ನ ಕೈಯಾನ ಕಾಳು ನೀ ಚೆಲ್ಲಬೇಕಾಗ್ತಿತ್ತಲ್ಲ, ನಿನಗ್ಯಾಕ ಆ ಕಷ್ಟ ಅಂತ..."

"ಚೆಲ್ಲತೀನಂತ ನಿನಗ ಯಾರ ಹೇಳಿದ್ರು?"

ಯಾರೂ ಹೇಳಿರಲಿಲ್ಲ. ನಾನೇ ಹೇಳಿಕೊಂಡಿದ್ದೆ, ಆ ಖೋಲಿಯಲ್ಲಿ ಕೂತು. ಸೆರಗನ್ನು ಬಾಯಿಗೆ ಒತ್ತಿಕೊಂಡು ಅಲ್ಲೇ ಅತ್ತುಬಿಟ್ಟೆ. ಬಾಯಿಜೋರಿನ ಸುಮಿ ನಡುಬೀದಿಯಲ್ಲಿ ಅಳುವುದನ್ನು ನೋಡಲು ಅಕ್ಕಪಕ್ಕದ ಬಾಗಿಲುಗಳಿಗೆ ತಲೆಗಳು ಬಂದವು. ಉಪವಾಸದ ಮನೆಯವರೂ ಬಂದರು.

ಕಸ್ತೂರಿ ತಾಟು ಕಸಿದುಕೊಂಡಳು. ಒಳಗೆ ಒಯ್ಯಲಿಲ್ಲ. ಹೊಸ್ತಿಲು ದಾಟಿ ಹೊರಗಿನ ಕಟ್ಟೆಯ ಮೇಲೆ ಕಾಲು ಚಾಚಿ ಕೂತಳು, ಓಣಿಗೆಲ್ಲ ಕಾಣುವಂತೆ. ಮೇಲಿನ ರೊಟ್ಟಿಯನ್ನು ಲಟಕ್ಕನೆ ಮುರಿದು, ಹಿಂಡಿ ಹಚ್ಚಿ ಬಾಯಿಗಿಟ್ಟಳು.

"ದಪ್ಪ ಆಗ್ಯಾವ" ಎಂದಳು, ಬಾಯಿ ತುಂಬಿಕೊಂಡು.

ನಾನು ನಿಂತೇ ಇದ್ದೆ. ಅವಳು ಅಗಿಯುತ್ತಿದ್ದಳು, ಕಟಕಟ ಕಟಕಟ. ಆರು ತಿಂಗಳಲ್ಲಿ ನಾನು ಕೇಳಿದ ಎಲ್ಲ ಸಪ್ಪಳಗಳಲ್ಲಿ ಅದು ಎಲ್ಲಕ್ಕಿಂತ ದೊಡ್ಡದಾಗಿತ್ತು.